ಬಣ್ಣದ ಕಾರ್ಡಿಗೆ ಅರಿಶಿನ ಇಟ್ಟ ತಪ್ಪಿಗೆ

ಉದ್ದನಪಲ್ಲಿ,
ಹೊಸೂರು ತಾಲ್ಲೂಕು.
20 ಸೆಪ್ಟೆಂಬರ್ 1984

ಬರುವ ವರ್ಷ ಲೋಕವೆಲ್ಲ ಯಾವ ಬಣ್ಣ ತೊಡಬೇಕೆಂದು ಈ ವರ್ಷವೇ ನಿರ್ಧರಿಸಿಬಿಡುವ ಮಹನೀಯರಿಗೆ,

ಮಾನ್ಯರೇ,

ಉದ್ದನಪಲ್ಲಿ ಮಣಿ ಕೇಂದ್ರದ ಹನ್ನೆರಡು ಮಂದಿ ಹೆಂಗಸರು, ಒಬ್ಬ ಮೇಲ್ವಿಚಾರಕರು, ಒಂದು ಕರೆಂಟಿನ ಒಲೆ ಮತ್ತು ಬಾಗಿಲಿಗೆ ಅಡ್ಡ ಮಲಗಿರುವ ಎರಡು ಕುರಿಗಳ ಪರವಾಗಿ ತಮಗೆ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವೂ ತಮ್ಮ ಬಣ್ಣಗಳೂ, ಅಂದರೆ ಈ ವರ್ಷ ಇನ್ನೂ ಬದುಕಿರುವ ಬಣ್ಣಗಳೆಲ್ಲವೂ, ಕ್ಷೇಮವೆಂದು ನಂಬಿದ್ದೇವೆ.

ತಮ್ಮ ಹೆಸರಾಗಲಿ ವಿಳಾಸವಾಗಲಿ ನಮಗೆ ತಿಳಿಯದು. ನಮ್ಮ ಮೇಲ್ವಿಚಾರಕರಾದ ಜಯರಾಮಯ್ಯನವರನ್ನು ಕೇಳಿದರೆ ಬೆಂಗಳೂರಿನ ರಫ್ತು ಕಂಪನಿಯ ಕಡೆ ಕೈ ತೋರಿಸಿದರು. ಕಂಪನಿಯವರು ಸಮುದ್ರದಾಚೆಯ ಕೊಳ್ಳುವವರ ಕಡೆ ತೋರಿಸಿದರು. ಕೊಳ್ಳುವವರು, ನಮಗಿಂತ ಮೇಲೆ ಬಣ್ಣ ನಿರ್ಧರಿಸಲೆಂದೇ ಕೆಲವರಿದ್ದಾರೆ, ಅವರನ್ನು ನಾವೂ ಕಂಡಿಲ್ಲ ಎಂದರಂತೆ. ಯಾರ ಕಣ್ಣಿಗೂ ಬೀಳದೆ ಎಲ್ಲರನ್ನೂ ಆಳುವವರು ನಮ್ಮ ಕಡೆಯೂ ಇದ್ದಾರೆ, ಆದರೆ ಅವರಿಗೆ ಹರಕೆ ಕಟ್ಟಿಕೊಳ್ಳುತ್ತೇವೆಯೇ ಹೊರತು ಕಾಗದ ಬರೆಯುವ ರೂಢಿಯಿಲ್ಲ. ಆದ್ದರಿಂದ ಇದು ಬಹಿರಂಗ ಪತ್ರ. ಒಂದು ಪ್ರತಿ ಕೇಂದ್ರದ ಬಾಗಿಲಿಗೆ, ಒಂದು ಪ್ರತಿ ಬಸ್ ಸ್ಟಾಪಿನ ಟೀ ಅಂಗಡಿಯ ಗೋಡೆಗೆ, ಇನ್ನೊಂದು ಪ್ರತಿ ತಮ್ಮ ಕಡೆಗೆ ಹೊರಡುವ ಮಾದರಿ ಮಣಿಗಳ ಪೊಟ್ಟಣದೊಳಕ್ಕೆ. ಮೂರರಲ್ಲಿ ಯಾವುದು ಮೊದಲು ತಮ್ಮನ್ನು ತಲುಪುತ್ತದೋ ನೋಡೋಣ. ನನಗೆ ಟೀ ಅಂಗಡಿಯ ಮೇಲೆ ನಂಬಿಕೆ ಹೆಚ್ಚು.

ಕಾಗದ ಉದ್ದವಾಗುವುದರಿಂದ ದೂರೇನೆಂದು ಮೊದಲೇ ಹೇಳಿಬಿಡುತ್ತೇನೆ. ಕಳೆದ ಫೆಬ್ರವರಿಯಲ್ಲಿ ನಮ್ಮ ಮುನಿಗಂಗಮ್ಮನವರ ಹೆಸರನ್ನು ಕೇಂದ್ರದ ರಿಜಿಸ್ಟರಿನಿಂದ ಹೊಡೆದುಹಾಕಲಾಗಿದೆ. ಅದು ಮತ್ತೆ ಅಲ್ಲಿ ಇರಬೇಕು. ಮುಂದೆ ಬರೆದಿರುವುದೆಲ್ಲ ಮರ್ಯಾದೆಗಾಗಿ ಮತ್ತು ನನ್ನ ಹೊಟ್ಟೆಯ ಉರಿಗಾಗಿ.

ನನ್ನ ಹೆಸರು ವರಲಕ್ಷ್ಮಮ್ಮ. ಬಾಗಲೂರಿನಲ್ಲಿ ಹುಟ್ಟಿ, ಕನ್ನಡದಲ್ಲಿ ಹತ್ತನೇ ತರಗತಿಯವರೆಗೆ ಓದಿ, ಈ ಊರಿಗೆ ಸೊಸೆಯಾಗಿ ಬಂದವಳು. ಅಕ್ಷರ ಬರುತ್ತದೆಂಬ ಒಂದೇ ಅಪರಾಧಕ್ಕಾಗಿ ಕೇಂದ್ರದ ರಿಜಿಸ್ಟರನ್ನೂ, ವರ್ಷಕ್ಕೊಮ್ಮೆ ತಾವು ದಯಪಾಲಿಸುವ ಬಣ್ಣದ ಕಾರ್ಡನ್ನೂ ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಕೇಂದ್ರವೆಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಒಂದು ಉದ್ದನೆಯ ಕೋಣೆ, ಮೂರು ಕಿಟಕಿ, ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಬಿದಿರಿನ ತಟ್ಟೆಗಳು. ಈಗ ಆ ತಟ್ಟೆಗಳಲ್ಲಿ ಆನೆ, ಕುರಿ, ಗಿಳಿ, ಅಳಿಲುಗಳು ಮಲಗುತ್ತವೆ. ಸೊಪ್ಪು ಕೇಳುವುದಿಲ್ಲವೆಂಬುದೊಂದೇ ಅನುಕೂಲ.

ತಾವು ಕಾರ್ಡು ಮಾತ್ರ ಕಳಿಸುವವರಾದ್ದರಿಂದ ಮಣಿ ಹೇಗಾಗುತ್ತದೆಂದು ತಿಳಿದಿರಲಾರದು. ಕಂಪನಿಯವರು ಹೊರದೇಶದಿಂದ ತರಿಸುವ ಒಂದು ಬಗೆಯ ಪ್ಲಾಸ್ಟಿಕ್ ಜೇಡಿ ಇಟ್ಟಿಗೆಯಾಕಾರದ ಸಣ್ಣ ಕಟ್ಟುಗಳಲ್ಲಿ ಬರುತ್ತದೆ. ನಾವದನ್ನು ಹಿಟ್ಟು ಎನ್ನುತ್ತೇವೆ, ಏಕೆಂದರೆ ಅದನ್ನು ನಾದುವುದು ಹಿಟ್ಟಿನಂತೆಯೇ. ಅಂಗೈಯ ಬಿಸಿ ತಾಗಿ ಮೆತ್ತಗಾಗುವವರೆಗೆ ಅದು ಸೊಸೆಯ ಮಾತನ್ನು ಅತ್ತೆ ಕೇಳಿದಷ್ಟೇ ಕೇಳುತ್ತದೆ. ಬಿಳಿ, ಕೆಂಪು, ನೀಲಿ, ಹಳದಿ, ಕಪ್ಪು, ಬರುವುದು ಐದೇ ಬಣ್ಣ. ತಮ್ಮ ಕಾರ್ಡಿನ ಮೂವತ್ತು ಚೌಕಗಳ ಮೂವತ್ತು ಬಣ್ಣವನ್ನೂ ಆ ಐದರಲ್ಲೇ ಬೆರೆಸಿ ಹುಟ್ಟಿಸಬೇಕು. ಆಮೇಲೆ ಹುಣಸೆಬೀಜದಷ್ಟು ಉಂಡೆ ಮಾಡಿ, ಕಿವಿ, ಬಾಲ, ಸೊಂಡಿಲು ತಿದ್ದಿ, ಸೂಜಿಯಿಂದ ಹೊಟ್ಟೆಗೆ ತೂತು ಕೊರೆದು ಒಲೆಗಿಟ್ಟರೆ, ಅರ್ಧ ಗಂಟೆಗೆ ಕಲ್ಲಿನಂಥ ಮಣಿ. ಕರೆಂಟು ಹೋದರೆ ಕಡಲೆಕಾಯಿ ಹುರಿಯುವ ಬಾಣಲೆಯಲ್ಲಿ ಮರಳು ಕಾಯಿಸಿ ಅದರ ಮೇಲೆ ತಗಡಿಟ್ಟು ಬೇಯಿಸುತ್ತೇವೆ. ಇದು ಕಂಪನಿಗೆ ಗೊತ್ತಿಲ್ಲ. ಈಗ ಗೊತ್ತಾಯಿತು.

ತಮ್ಮ ಬಣ್ಣಗಳನ್ನು ಹೊಗಳಲು ನನಗೆ ಬಾಯಿ ಸಾಲದು. ಎಂಬತ್ತೆರಡರಲ್ಲಿ ತಾವು ಆನೆಗಳೆಲ್ಲ ಗುಲಾಬಿಯಾಗಿರತಕ್ಕದ್ದೆಂದು ಅಪ್ಪಣೆ ಮಾಡಿದಿರಿ, ನಾವು ಮಾಡಿದೆವು. ಅಂಚೆಟ್ಟಿ ಕಾಡಿನ ಆನೆಗಳಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲವೆಂದು ಕಾಣುತ್ತದೆ, ಆ ವರ್ಷವೂ ಅವು ಹಳೆಯ ಬಣ್ಣದಲ್ಲೇ ಬಂದು ರಾಗಿ ತಿಂದು ಹೋದವು. ಮರುವರ್ಷ ಗುಲಾಬಿ ಸತ್ತಿತೆಂದೂ ಇನ್ನು ಮೇಲೆ ತಿಳಿಹಸಿರು ಓಡುತ್ತದೆಂದೂ ಕಾಗದ ಬಂತು. ಅದರ ಹಿಂದೆಯೇ ಆ ತಿಳಿಹಸಿರೂ ಹೋಯಿತೆಂದಾಗ ಮುನಿಗಂಗಮ್ಮ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟು, "ಬಣ್ಣ ಹೆಂಗಮ್ಮಾ ಸಾಯ್ತದೆ? ಹಸ್ರು ಸತ್ತೋದ್ರೆ ಕುರಿ ಏನ್ ತಿನ್ಬೇಕು?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಜಯರಾಮಯ್ಯನವರಿಗೆ ಒಪ್ಪಿಸಿದೆ. ಅವರು ಕೋಪ ಬಂದರೆ ತಮಿಳಿನಲ್ಲಿ, ಲೆಕ್ಕ ಹಾಕುವಾಗ ತೆಲುಗಿನಲ್ಲಿ, ತಮ್ಮದೇ ತಪ್ಪನ್ನು ಒಪ್ಪಿಕೊಳ್ಳುವಾಗ ಮಾತ್ರ ಕನ್ನಡದಲ್ಲಿ ಮಾತನಾಡುವವರು. ಅವರ ಕನ್ನಡವನ್ನು ನಾವು ಅಷ್ಟಾಗಿ ಕೇಳಿದವರಲ್ಲ. ಅಂದೂ ತಮಿಳಿನಲ್ಲೇ ಉತ್ತರ ಬಂತು.

ಇನ್ನು ಮುನಿಗಂಗಮ್ಮನವರ ವಿಚಾರ. ವಯಸ್ಸು ಅರವತ್ತೋ ಅರವತ್ತೆರಡೋ, ಅವರಿಗೂ ಖಚಿತವಿಲ್ಲ. ಹುಟ್ಟಿದಾಗಿನಿಂದ ಕುರಿ ಮೇಯಿಸಿದವರು. ಕೇಂದ್ರ ತೆರೆದ ದಿನ ಕುರಿಗಳನ್ನು ಹೊರಗೆ ಬಿಟ್ಟು, ಒಳಗೆ ಹೆಂಗಸರೆಲ್ಲ ಏನು ನಾದುತ್ತಿದ್ದಾರೆಂದು ಇಣುಕಿ ನೋಡಲು ಬಂದವರು ನಿಂತಲ್ಲೇ ಒಂದು ಕುರಿ ಮಾಡಿಟ್ಟರು. ಬೆರಳುಗುರಿನಷ್ಟು ದೊಡ್ಡದು. ಮಳೆಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತ ಕುರಿಯೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅಂದೇ ಅವರ ಹೆಸರನ್ನು ರಿಜಿಸ್ಟರಿನಲ್ಲಿ ನಾಲ್ಕನೆಯ ಸಾಲಿಗೆ ಬರೆದೆ. ಬರೆಯುವಾಗ ಹೆಸರು ಕೇಳಿದರೆ ಅವರು, ನಾನು ಯಾರನ್ನು ಕೇಳುತ್ತಿದ್ದೇನೆಂದು ಹಿಂದೆ ತಿರುಗಿ ನೋಡಿದರು. ಊರಲ್ಲಿ ಅವರನ್ನು ವೆಂಕಟೇಶಪ್ಪನ ಹೆಂಡತಿ ಎಂದೋ ಚಿನ್ನಸ್ವಾಮಿಯ ತಾಯಿ ಎಂದೋ ಕರೆಯುತ್ತಿದ್ದರೇ ವಿನಾ, ಅವರ ಹೆಸರು ಕೇಳಿದವರು ಬಹಳ ವರ್ಷಗಳಿಂದ ಯಾರೂ ಇರಲಿಲ್ಲ. ಆಮೇಲೆ ಪ್ರತಿದಿನ ಬೆಳಿಗ್ಗೆ ನಾನು ಹಾಜರಿ ಕೂಗುವಾಗ ನಾಲ್ಕನೆಯ ಹೆಸರಿಗೆ ಅವರು ಕೂತಲ್ಲಿಂದ ಎದ್ದು ನಿಂತು "ಬಂದಿವ್ನಿ" ಎನ್ನುತ್ತಿದ್ದರು. ಏಳಬೇಕಾಗಿಲ್ಲವೆಂದು ಎಷ್ಟು ಹೇಳಿದರೂ ಏಳುವುದನ್ನು ಬಿಡಲಿಲ್ಲ.

ಅವರು ಮಾಡಲಾಗದ ಪ್ರಾಣಿಯೇ ಇರಲಿಲ್ಲ, ಕಾಣದ ಪ್ರಾಣಿಯೂ ಸೇರಿ. ಒಮ್ಮೆ ತಮ್ಮ ಕಡೆಯವರು ಪೆಂಗ್ವಿನ್ ಕೇಳಿದಾಗ, ಅದು ನಿಂತು ನಡೆಯುವ ಹಕ್ಕಿ, ಹೊಟ್ಟೆ ಬಿಳಿ, ಬೆನ್ನು ಕಪ್ಪು, ಹಾರುವುದಿಲ್ಲ, ಕೆಲಸವಿಲ್ಲದಿದ್ದರೂ ಅತ್ತಿಂದಿತ್ತ ಓಡಾಡುತ್ತದೆ ಎಂದು ನಾನು ಪುಸ್ತಕದಲ್ಲಿದ್ದಷ್ಟನ್ನು ಹೇಳಿದೆ. ಅವರು ಮಾಡಿದ ಪೆಂಗ್ವಿನ್ ಥೇಟ್ ಜಯರಾಮಯ್ಯನವರಂತಿತ್ತು, ಕೈ ಹಿಂದೆ ಕಟ್ಟಿದ್ದು ಸಹ. ಇನ್ನೂರು ಜಯರಾಮಯ್ಯನವರು ವಿಮಾನ ಹತ್ತಿ ಹೋದರು. ಒಬ್ಬರೂ ವಾಪಸು ಬರಲಿಲ್ಲ, ಮಾಲು ಮೆಚ್ಚಿಗೆಯಾಯಿತೆಂದು ಕಾಗದ ಬಂತು.

ಆದರೆ ಅವರ ನಿಜವಾದ ವಿದ್ಯೆ ಬಣ್ಣ ಬೆರೆಸುವುದರಲ್ಲಿತ್ತು. ನಮ್ಮ ಪದ್ಧತಿ ಹೀಗೆ: ಐದು ಬಣ್ಣದಲ್ಲಿ ಬೇಕಾದಷ್ಟು ಚಿವುಟಿ ಬೆರೆಸಿ, ಆ ಬೆರಕೆಯ ಒಂದು ಚೂರನ್ನು ಬೇಯಿಸಿ, ಕಿಟಕಿಯ ಬೆಳಕಿನಲ್ಲಿ ಕಾರ್ಡಿನ ಚೌಕದ ಮೇಲಿಡಬೇಕು. ಚೂರು ಕಣ್ಣಿಗೆ ಕಂಡರೆ ಬಣ್ಣ ಸರಿಯಿಲ್ಲ. ಚೌಕದೊಳಗೆ ಕರಗಿ ಕಾಣದಂತಾದರೆ ಸರಿ. ನಾವು ಎಂಟು ಸಲ ಬೆರೆಸಿದರೆ ಮುನಿಗಂಗಮ್ಮ ಒಂದೇ ಸಲಕ್ಕೆ ಕಾಣದಂತೆ ಮಾಡುತ್ತಿದ್ದರು. ಅವರ ಅಳತೆ ಅವರೆಕಾಳಿನಷ್ಟು ಬಿಳಿ, ಸಾಸಿವೆಯಷ್ಟು ಹಳದಿ, ರಾಗಿಕಾಳಿನ ಅರ್ಧದಷ್ಟು ಕೆಂಪು. ಹಿಟ್ಟು ಬೆಂದಾಗ ಬಣ್ಣ ಒಂದು ಕೂದಲೆಳೆ ಏರುತ್ತದೆ, ಅದನ್ನು ಮೊದಲೇ ಕಳೆದು ಬೆರೆಸಬೇಕು. "ಒಲೆನೂ ಒಂದಿಷ್ಟು ಬಣ್ಣ ಹಾಕ್ತದೆ, ಅದ್ರ ಪಾಲು ಅದಕ್ಕೆ ಮಡಗ್ಬೇಕು" ಎನ್ನುತ್ತಿದ್ದರು. ಎಷ್ಟು ಮಡಗಬೇಕೆಂದು ಕೇಳಿದರೆ ಒಲೆಯನ್ನೇ ಕೇಳಿ ಎನ್ನುತ್ತಿದ್ದರು.

ಈಗ ತಪ್ಪಿನ ಕಥೆಗೆ ಬರುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹೊಸೂರಿನ ಕಾರ್ಖಾನೆಗಳಲ್ಲಿ ಆಳೆತ್ತರದ ಯಂತ್ರಗಳಿಗೆ ಬಾಳೆಕಂದು ಕಟ್ಟಿ ಪೂಜೆ ಮಾಡುತ್ತಾರಾದರೆ ನಾವೇನು ಕಡಿಮೆಯೆಂದು ಸೂಜಿ, ಕತ್ತರಿ, ಲಟ್ಟಣಿಗೆ, ಒಲೆ, ಬಾಣಲೆ, ಜಯರಾಮಯ್ಯನವರ ಸೈಕಲ್ಲು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆವು. ಮುನಿಗಂಗಮ್ಮ ಹಿರಿಯರಾದ್ದರಿಂದ ಪೂಜೆ ಅವರದು. ಎಲ್ಲ ಮುಗಿದ ಮೇಲೆ ಅವರು ಸುತ್ತ ನೋಡಿ, ಈ ಎಲ್ಲ ಸಾಮಾನನ್ನೂ ಆಳುವುದು ಯಾವುದು, ಯಾವುದನ್ನು ನೋಡಿ ನಾವು ದಿನವಿಡೀ ಕೈಯಾಡಿಸುತ್ತೇವೆ, ಅದನ್ನೇ ಮರೆತರೆ ಹೇಗೆ ಎಂದರು. ಹಾಗೆ ತಮ್ಮ ಬಣ್ಣದ ಕಾರ್ಡನ್ನು ಬೀರುವಿನಿಂದ ಹೊರಗೆ ತಂದು, ಮಣೆಯ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ ಕೂರಿಸಲಾಯಿತು. ತಮಗೆ ಬೇರೆಲ್ಲೂ ಇಂಥ ಮರ್ಯಾದೆ ಆಗಿರಲಾರದು. ಒಂದು ಚೌಕಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ ಬಿಟ್ಟ ಬಣ್ಣ ಮುನಿಸಿಕೊಂಡೀತೆಂದು ಮುನಿಗಂಗಮ್ಮ ಮೂವತ್ತು ಚೌಕಕ್ಕೂ ಒಂದೊಂದು ಬೊಟ್ಟು ಹಸಿ ಅರಿಶಿನ, ಅದರ ಮೇಲೆ ಕುಂಕುಮ ಇಟ್ಟು ಕೈಮುಗಿದರು. ಕರ್ಪೂರ ಬೆಳಗಿ ಕಡಲೆಪುರಿ ಹಂಚಿದೆವು.

ಮರುದಿನ, ಲಟ್ಟಣಿಗೆಯನ್ನು ಒರೆಸಿದ ಹಾಗೆಯೇ, ಕಾರ್ಡನ್ನೂ ಒದ್ದೆ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದೆವು. ಬೊಟ್ಟುಗಳು ಹೋದವು. ಹೋದವೆಂದರೆ ಎಲ್ಲಿಗೆ ಹೋದವೆಂದು ನಾವು ಯಾರೂ ಯೋಚಿಸಲಿಲ್ಲ. ಅವು ಹೋದದ್ದು ಚೌಕದೊಳಕ್ಕೇ, ಅಂಚಿನಿಂದ ಅಂಚಿನವರೆಗೆ, ಒಂದೇ ಸಮನಾಗಿ. ಆ ಕಾರ್ಡನ್ನು ಮುಂದಿಟ್ಟುಕೊಂಡು ಹದಿಮೂರು ಹೆಂಗಸರು ಒಂದು ತಿಂಗಳು, ಚೂರಿಟ್ಟು ಚೂರು ಕಾಣದಂತೆ, ಒಂದು ಮಣಿಯೂ ಹೆಚ್ಚುಕಡಿಮೆಯಾಗದಂತೆ, ಮೂರು ಸಾವಿರ ಪ್ರಾಣಿಗಳನ್ನು ಮಾಡಿದೆವು. ಅಷ್ಟು ನಿಖರವಾಗಿ ನಾವು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಕುರಿಗಳಿಗೆ ತಾವು ಹೇಳಿದ್ದು ಮುತ್ತಿನ ಬಿಳಿ. ನಮ್ಮ ಕೈಯಿಂದ ಬಂದದ್ದು ಹಳದಿಗೆ ತುಸು ಕೆಂಪು ಬೆರೆತ ಬೇರೆಯೇ ಬಣ್ಣ. "ಹೊತ್ತು ಇಳಿಯೋವಾಗ ಮನೆಗ್ ಬರೋ ಕುರಿ ಹಿಂಗೇ ಇರ್ತದೆ, ಈ ಸಲ ಕಾರ್ಡಿನೋರು ಕುರಿ ಕಂಡವ್ರೆ" ಎಂದು ಮುನಿಗಂಗಮ್ಮ ತಮ್ಮನ್ನು ಬಾಯಿತುಂಬ ಹೊಗಳಿದರು. ದಯವಿಟ್ಟು ಈ ಮಾತನ್ನು ತಮ್ಮ ಕಡತದಲ್ಲಿ ಸೇರಿಸಿಕೊಳ್ಳಬೇಕು. ಅವರನ್ನು ತೆಗೆದುಹಾಕುವ ಮುಂಚೆ ಅವರು ತಮ್ಮ ಬಗ್ಗೆ ಆಡಿದ ಕೊನೆಯ ಮಾತು ಅದು.

ಫೆಬ್ರವರಿಯಲ್ಲಿ ಕಂಪನಿಯ ಒಬ್ಬ ಮಹಾಶಯರು ಜೀಪಿನಲ್ಲಿ ಬಂದಿಳಿದರು. ಮೂರು ಸಾವಿರವೂ ತಿರಸ್ಕಾರವಾಗಿದೆ, ಒಂದು ಬಣ್ಣವೂ ಕೇಳಿದ ಬಣ್ಣವಲ್ಲ ಎಂದರು. ನಮ್ಮ ಕಾರ್ಡನ್ನು ಜೀಪಿನಲ್ಲಿ ತಂದಿದ್ದ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿ, ಮೂಸಿ ನೋಡಿ, ಇದರ ಮೇಲೆ ಅರಿಶಿನ ಇಟ್ಟವರು ಯಾರು ಎಂದು ಕೇಳಿದರು. ಮಾನ್ಯರೇ, ಹಬ್ಬದ ದಿನ ಪೂಜೆ ಮಾಡಿದವರು ಯಾರೆಂದು ಬೆಂಗಳೂರಿನಿಂದ ಜೀಪು ಹತ್ತಿಕೊಂಡು ಬಂದು ಕೇಳಿದರೆ, ಮಾಡಿದವರು ಅಡಗಿಕೊಳ್ಳುತ್ತಾರೆಯೇ? ಮುನಿಗಂಗಮ್ಮ ಸೆರಗನ್ನು ಸರಿಮಾಡಿಕೊಂಡು, ಹಾಜರಿಗೆ ಏಳುವ ಹಾಗೆಯೇ ಎದ್ದು ನಿಂತು, "ನಾನೇ ಸ್ವಾಮಿ" ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ಏನೋ ಕೊಡಲು ಬಂದಿದ್ದಾರೆಂದುಕೊಂಡಿದ್ದರು.

ಕೆಲಸದಿಂದ ತೆಗೆಯಬೇಕೆಂದು ಅಲ್ಲೇ ಅಪ್ಪಣೆಯಾಯಿತು. ರಿಜಿಸ್ಟರು ನನ್ನದಾದ್ದರಿಂದ ಹೆಸರು ಹೊಡೆಯುವುದೂ ನನ್ನ ಪಾಲಿಗೆ ಬಂತು. ಜಯರಾಮಯ್ಯನವರು ಕೆಂಪು ಪೆನ್ನು ಕೊಟ್ಟರು, ಗೆರೆ ನೇರವಾಗಿರಲಿ ಎಂದು ಸ್ಕೇಲನ್ನೂ ಕೊಟ್ಟರು. ಗೆರೆ ಬಹಳ ನೇರವಾಗಿ ಬಂತು. ಮುನಿಗಂಗಮ್ಮನಿಗೆ ಓದಲು ಬಾರದು, ಆದರೆ ನಾಲ್ಕನೆಯ ಸಾಲು ತನ್ನದೆಂದು ಗೊತ್ತಿತ್ತು. ಬಗ್ಗಿ ನೋಡಿದರು, ಕೋಲು ತೆಗೆದುಕೊಂಡು ಕುರಿಗಳ ಹಿಂದೆ ಹೋದರು.

ತಿರಸ್ಕಾರವಾದ ಮಣಿಗಳು ಮೂರು ಚೀಲಗಳಲ್ಲಿ ಯುಗಾದಿಯ ಹೊತ್ತಿಗೆ ವಾಪಸು ಬಂದವು, ನಾಶಮಾಡಿ ಎಂಬ ಚೀಟಿಯ ಸಮೇತ. ಒಮ್ಮೆ ಬೆಂದ ಮಣಿಯನ್ನು ನಾಶ ಮಾಡುವುದು ಹೇಗೆಂದು ಚೀಟಿಯಲ್ಲಿರಲಿಲ್ಲ. ಆದ್ದರಿಂದ ಅವುಗಳನ್ನು ದಾರದಲ್ಲಿ ಪೋಣಿಸಿ ಊರಿನ ಕುರಿಗಳ ಕೊರಳಿಗೆ ಕಟ್ಟಿದೆವು. ಮುನಿಗಂಗಮ್ಮನ ಮಂದೆಗೆ ಮೊದಲು. ಕುರಿಯ ಕೊರಳಲ್ಲಿ ಕುರಿಯ ಮಣಿ, ಅದೇ ಇಳಿಹೊತ್ತಿನ ಬಣ್ಣ. ರಾಯಕೋಟೆ ಸಂತೆಯಲ್ಲಿ ಜನ ನಿಂತು ನೋಡಿದರು, ಒಬ್ಬರು ಕುರಿ ಬೇಡ ಸರ ಕೊಡಿ ಎಂದೂ ಕೇಳಿದರಂತೆ.

ಕಳೆದ ತಿಂಗಳು ತಮ್ಮ ಹೊಸ ಕಾರ್ಡು ಬಂತು. ಮೂವತ್ತು ಚೌಕಗಳಲ್ಲಿ ಹನ್ನೊಂದನೆಯದಕ್ಕೆ ಮಾತ್ರ ಸುತ್ತ ಚಿನ್ನದ ಗೆರೆ. ಬರುವ ವರ್ಷ ಎಲ್ಲಕ್ಕಿಂತ ಜೋರಾಗಿ ಓಡುವ ಬಣ್ಣ ಇದೇ ಎಂದು ಅರ್ಥವಂತೆ. ಅದರ ಕೆಳಗಿನ ಇಂಗ್ಲಿಷ್ ಹೆಸರನ್ನು ಜಯರಾಮಯ್ಯನವರು ಬಿಡಿಸಿ ಓದಿ 'ಹಳೆಯ ಬಿಸಿಲು' ಎಂದು ಅರ್ಥ ಹೇಳಿದರು. ನನಗೆ ಆ ಚೌಕವನ್ನು ಎಲ್ಲೋ ನೋಡಿದ ಹಾಗನ್ನಿಸಿತು. ಬಾಗಿಲಲ್ಲಿ ಮುನಿಗಂಗಮ್ಮನ ಕುರಿಯೊಂದು ರೂಢಿಯಂತೆ ಅಡ್ಡ ಮಲಗಿತ್ತು. ಅದರ ಕೊರಳಿಂದ ಒಂದು ಮಣಿ ಬಿಚ್ಚಿ, ತೊಳೆದು, ಕಿಟಕಿಯ ಬೆಳಕಿಗೆ ತಂದು ಹನ್ನೊಂದನೇ ಚೌಕದ ಮೇಲಿಟ್ಟೆ. ಮಣಿ ಕಾಣಲಿಲ್ಲ. ಕೈಯಿಂದ ಸವರಿ ನೋಡಿದರೆ ಇದೆ, ಕಣ್ಣಿಗಿಲ್ಲ. ಹನ್ನೆರಡು ಹೆಂಗಸರೂ ಒಬ್ಬೊಬ್ಬರಾಗಿ ಬಂದು ಸವರಿ ನೋಡಿದರು. ಜಯರಾಮಯ್ಯನವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಕೊನೆಗೆ ಸ್ಟೂಲಿನ ಮೇಲೆ ಕೂತು, "ಅವತ್ತು ನಾನೂ ಒಂದ್ ಮಾತು ಆಡ್ಬೇಕಾಗಿತ್ತು, ಆಡ್ಲಿಲ್ಲ" ಎಂದರು. ಕನ್ನಡದಲ್ಲಿ.

ತಮ್ಮ ದೂರದೃಷ್ಟಿಗೆ ಎಷ್ಟು ಕೈಮುಗಿದರೂ ಸಾಲದು. ಒಂದು ಬಣ್ಣ ಉದ್ದನಪಲ್ಲಿಯ ಮುದುಕಿಯ ಬೆರಳಿಂದ ಬಂದಾಗ ಅದು ಕೊಳೆ, ಅದೇ ಬಣ್ಣ ತಮ್ಮ ಕಾರ್ಡಿನಿಂದ ಬಂದಾಗ ಅದಕ್ಕೆ ಚಿನ್ನದ ಗೆರೆ. ಇವೆರಡರ ನಡುವೆ ಇರುವ ವ್ಯತ್ಯಾಸ ನಮ್ಮಂಥವರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಲೋಕವೆಲ್ಲ ಬರುವ ವರ್ಷ ತೊಡಲಿರುವುದನ್ನು ನಮ್ಮೂರ ಕುರಿಗಳು ಯುಗಾದಿಯಿಂದಲೇ ತೊಟ್ಟು ಮೇಯುತ್ತಿವೆಯೆಂದು ತಿಳಿದರೆ ತಮಗೆ ಬೇಸರವಾದೀತೆಂದು ಹೆದರಿ, ಅವುಗಳಿಗೆ ತಗ್ಗಿ ನಡೆಯುವಂತೆ ಹೇಳಿದ್ದೇವೆ.

ಈಗ ತಮ್ಮ ಕಡೆಯವರು ಹನ್ನೊಂದನೇ ಬಣ್ಣದಲ್ಲಿ ನಾಲ್ಕು ಸಾವಿರ ಕುರಿ ಕೇಳಿದ್ದಾರೆ, ಮಾದರಿ ತಿಂಗಳ ಕೊನೆಗೇ ಬೇಕಂತೆ. ಎಂಟು ದಿನದಿಂದ ಬೆರೆಸುತ್ತಿದ್ದೇವೆ. ನನ್ನದು ಇಟ್ಟಿಗೆಯಾಯಿತು, ಪಾರ್ವತಮ್ಮನದು ಹುಳಿಯಾದ ಸಾರಾಯಿತು, ಚೆಲುವಮ್ಮ ಬೆರೆಸಿದ್ದನ್ನು ಏನೆನ್ನಬೇಕೆಂದು ಅವಳೇ ಹೇಳಲೊಲ್ಲಳು. ಒಲೆಯ ಪಾಲೆಷ್ಟೆಂದು ನಮಗೆ ಯಾರಿಗೂ ಗೊತ್ತಿಲ್ಲ. ಜಯರಾಮಯ್ಯನವರು ಸೈಕಲ್ಲಿನಲ್ಲಿ ಮುನಿಗಂಗಮ್ಮನ ಮನೆಗೆ ಹೋಗಿ ಕರೆದರು. ಅವರು ಮೂರು ಭಾಷೆಯಲ್ಲಿ ಕರೆದರೆಂದು ನೋಡಿದವರು ಹೇಳಿದರು. "ನನ್ ಹೆಸ್ರು ಹೊಡ್ದಾಕಿದ್ದೀರಲ್ಲ ಸ್ವಾಮಿ, ಇಲ್ದಿರೋ ಮನ್ಸಿ ಹೆಂಗ್ ಬತ್ತಾಳೆ?" ಎಂದು ಮುನಿಗಂಗಮ್ಮ ಅವರಿಗೆ ನೀರು ಕೊಟ್ಟು ಕಳಿಸಿದರು. ಹೆಸರು ಮತ್ತೆ ಬರೆಯೋಣವೆಂದರೆ, ಬಣ್ಣದ ವಿಚಾರದಲ್ಲಿ ತಪ್ಪು ಮಾಡಿ ಹೋದವರನ್ನು ಸೇರಿಸಿಕೊಳ್ಳಲು ಬಣ್ಣ ಕೊಟ್ಟವರ ಒಪ್ಪಿಗೆ ಬೇಕೆಂದು ಕಂಪನಿ ಬರೆದಿದೆ. ಬಣ್ಣ ಕೊಟ್ಟವರು ತಾವು. ಅದಕ್ಕೇ ಈ ಕಾಗದ.

ಇಲ್ಲಿಯವರೆಗೆ ಬರೆದ ಮೇಲೆ ಇನ್ನೊಂದನ್ನು ಮುಚ್ಚಿಟ್ಟರೆ ನನಗೂ ತಮಗೂ ಏನು ವ್ಯತ್ಯಾಸ? ಅಂದು ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕಾರ್ಡನ್ನು ಹೊರಗೆ ತಂದವಳು ನಾನು, ಅರಿಶಿನದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತವಳು ನಾನು, ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದವಳೂ ನಾನೇ. ಒರೆಸದಿದ್ದರೆ ಬೊಟ್ಟು ಬೊಟ್ಟಾಗಿಯೇ ಉಳಿಯುತ್ತಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಜೀಪಿನವರು ಕೇಳಿದ್ದು ಇಟ್ಟವರು ಯಾರೆಂದು, ಒರೆಸಿದವರು ಯಾರೆಂದಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲವೆಂದು ನಾನು ಸ್ಕೇಲು ಹಿಡಿದುಕೊಂಡು ಸುಮ್ಮನಿದ್ದೆ. ಏಳು ತಿಂಗಳು ಆ ಮೌನವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೆ. ಮೊನ್ನೆ ಹೊಲದ ಬದುವಿಗೆ ಹೋಗಿ ಮುನಿಗಂಗಮ್ಮನಿಗೆ ಎಲ್ಲ ಹೇಳಿದೆ. ಅವರು ಕುರಿಯ ಕಡೆಯೇ ನೋಡುತ್ತ, "ಗೊತ್ತಿತ್ತು ಬುಡಮ್ಮಿ. ನೀನೂ ಹೋಗ್ಬುಟ್ಟಿದ್ರೆ ಹಾಜ್ರಿ ಕೂಗೋರ್ ಯಾರು?" ಎಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅಥವಾ ತೋರಿಸಲಿಲ್ಲ.

ಆದ್ದರಿಂದ ತಮ್ಮ ಪಾದಗಳಲ್ಲಿ ನಮ್ಮ ಕೆಲವು ವಿನಂತಿಗಳು. ಬಣ್ಣವೊಂದನ್ನು ಸಾಯಿಸುವ ಮುಂಚೆ ಅದನ್ನು ನಂಬಿಕೊಂಡಿರುವ ಗಿಳಿ, ಹುಲ್ಲು, ಮಾವಿನಕಾಯಿಗಳಿಗೆ ಮೂರು ತಿಂಗಳ ನೋಟೀಸು ಕೊಡಬೇಕು. ಅಂಚೆಟ್ಟಿಯ ಆನೆಗಳಿಗೆ ಪ್ರತಿವರ್ಷ ಒಂದು ಕಾರ್ಡನ್ನು ನೇರವಾಗಿ ತಮ್ಮ ಕಡೆಯಿಂದಲೇ ತಲುಪಿಸಬೇಕು, ನಮ್ಮಲ್ಲಿ ತಲುಪಿಸಲು ಯಾರೂ ಒಪ್ಪುತ್ತಿಲ್ಲ. ಇನ್ನು ಹದಿಮೂರು ದಿನಕ್ಕೆ ಆಯುಧಪೂಜೆ. ಕಾರ್ಡಿಗೆ ಪೂಜೆ ಕೂಡದೆಂದು ಕಂಪನಿಯ ಕಟ್ಟಪ್ಪಣೆಯಾಗಿದೆ, ಪೂಜೆಯಿಲ್ಲದೆ ಕೆಲಸ ಮುಟ್ಟುವುದಿಲ್ಲವೆಂದು ಹೆಂಗಸರ ಹಟ. ಹಾಗಾಗಿ ತಾವು ದೊಡ್ಡ ಮನಸ್ಸು ಮಾಡಿ ಕೆಲಸಕ್ಕೊಂದು, ಪೂಜೆಗೊಂದು, ಎರಡು ಕಾರ್ಡು ಕಳಿಸುವುದಾಗಬೇಕು. ಪೂಜೆಯ ಕಾರ್ಡಿನಲ್ಲಿ ಏನೇನು ಹೊಸ ಬಣ್ಣ ಹುಟ್ಟುತ್ತದೋ ಅದನ್ನು ತಮಗೇ ಕಳಿಸಿಕೊಡುತ್ತೇವೆ. ಅದರ ಮರುವರ್ಷಕ್ಕೆ ಬೇಕಾದೀತು.

ಮುನಿಗಂಗಮ್ಮನ ವಿಚಾರ ಮಾತ್ರ ವಿನಂತಿಯ ಪಟ್ಟಿಯಲ್ಲಿಲ್ಲ. ಇಂದು ಬೆಳಿಗ್ಗೆ ರಿಜಿಸ್ಟರಿನಲ್ಲಿ, ಹೊಡೆದುಹಾಕಿದ ನಾಲ್ಕನೆಯ ಸಾಲಿನ ಕೆಳಗಡೆಯೇ, ಅವರ ಹೆಸರನ್ನು ಮತ್ತೆ ಬರೆದಿದ್ದೇನೆ. ಅಕ್ಷರ ಸ್ವಲ್ಪ ದೊಡ್ಡದಾಗಿದೆ, ಜಾಗ ಸಾಲದೆ ಐದನೆಯ ಸಾಲಿನ ಇಂದ್ರಮ್ಮನ ಮೇಲೆ ಒತ್ತಿಕೊಂಡಿದೆ, ಇಂದ್ರಮ್ಮ ಅಡ್ಡಿಯಿಲ್ಲವೆಂದಳು. ಬರೆದಾಯಿತೆಂದು ಅವರಿಗೆ ಹೇಳಿಕಳಿಸಿ ನಾನು ಹಾಜರಿ ಕೂಗಿದೆ. ಬಾಗಿಲಲ್ಲಿ ಕುರಿಗಳನ್ನು ದಾಟಿ ಬಂದು ನಿಂತು ಅವರು "ಬಂದಿವ್ನಿ" ಎಂದರು. ಅರಿಶಿನದ ತಪ್ಪಿಗೆ ಯಾರದಾದರೂ ಒಂದು ಹೆಸರು ಹೊಡೆಯಲೇಬೇಕೆಂದು ತಮ್ಮ ನಿಯಮವಿದ್ದರೆ ಎಂಟನೆಯ ಸಾಲಿನಲ್ಲಿ ನನ್ನದಿದೆ. ಕೆಂಪು ಪೆನ್ನನ್ನೂ ಸ್ಕೇಲನ್ನೂ ಮೇಜಿನ ಮೇಲೆ ಸಿದ್ಧವಾಗಿಟ್ಟಿದ್ದೇನೆ. ಗೆರೆ ಎಳೆಯಲು ತಾವೇ ಬರಬೇಕಾಗುತ್ತದೆ, ಏಕೆಂದರೆ ಇಲ್ಲಿ ಎಳೆಯುವವರು ಯಾರೂ ಉಳಿದಿಲ್ಲ.

ತಮ್ಮ ಎಲ್ಲ ಬಣ್ಣಗಳೂ ದೀರ್ಘಾಯುಷಿಗಳಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ವರಲಕ್ಷ್ಮಮ್ಮ
(ರಿಜಿಸ್ಟರು, ಬೀಗದ ಕೈ ಮತ್ತು ಒದ್ದೆ ಬಟ್ಟೆ)

ತಾ.ಕ.: ಪೊಟ್ಟಣದಲ್ಲಿ ಮಾದರಿಯೆಂದು ಒಂದೇ ಒಂದು ಕುರಿ ಇಟ್ಟಿದ್ದೇವೆ. ಇಂದು ಮಧ್ಯಾಹ್ನ ಮುನಿಗಂಗಮ್ಮ ಒಂದೇ ಸಲಕ್ಕೆ ಬೆರೆಸಿ, ಕರೆಂಟಿಲ್ಲದ್ದರಿಂದ ಮರಳಿನ ಬಾಣಲೆಯಲ್ಲಿ ಬೇಯಿಸಿದ್ದು. ಅದನ್ನು ತಮ್ಮ ಹನ್ನೊಂದನೇ ಚೌಕದ ಮೇಲಿಟ್ಟು ಹಗಲಿನ ಬೆಳಕಿನಲ್ಲಿ ನೋಡಬೇಕು. ಕಾಣದಿದ್ದರೆ ಮುನಿಗಂಗಮ್ಮನವರಿಗೆ ಅವರ ಹೆಸರು ಹಾಕಿ ಒಂದು ಕಾಗದ ಬರೆಯಿರಿ, ನಾನು ಓದಿ ಹೇಳುತ್ತೇನೆ. ಕಂಡರೆ ಕನ್ನಡಕದ ಅಂಗಡಿಯವರಿಗೆ ಬರೆಯಿರಿ.